ಗುಟ್ಟಿನ ಮೇಲೆ ನಿಂತ ಬಲೆ: ಆನ್‌ಲೈನ್‌ನಲ್ಲಿ ಮಕ್ಕಳನ್ನು ಬೇಟೆಯಾಡುವವರು ಹೇಗೆ ಕೆಲಸ ಮಾಡುತ್ತಾರೆ

ಮಕ್ಕಳನ್ನು ಹುಡುಕಿಕೊಂಡು ಆನ್‌ಲೈನ್‌ಗೆ ಬರುವವನು ಮೊದಲ ದಿನ ಕೇಳುವ ಪ್ರಶ್ನೆಗಳಲ್ಲಿ ಹೆದರಿಕೆ ಹುಟ್ಟಿಸುವಂಥದ್ದು ಏನೂ ಇರುವುದಿಲ್ಲ. "ಸಖತ್ತಾಗಿ ಆಡ್ದೆ, ಯಾವ ಲೆವೆಲ್?" "ಎಷ್ಟನೇ ಕ್ಲಾಸು?" "ಯಾಕೆ ಬೇಜಾರಲ್ಲಿದ್ದೀಯ, ಮನೇಲಿ ಬೈದ್ರಾ?" ಒಳ್ಳೆಯ ಮನಸ್ಸಿನ ಅಣ್ಣನೋ ಅಕ್ಕನೋ ಇದನ್ನೇ ಕೇಳಬಹುದಿತ್ತು. ಅಪ್ಪ ಅಮ್ಮ ಆ ಚಾಟ್ ನೋಡಿದರೂ ಅನುಮಾನಪಡಲು ಕಾರಣ ಸಿಗುವುದಿಲ್ಲ. ಅನುಮಾನಪಡಬೇಕಾದ ಪ್ರಶ್ನೆ ಸ್ವಲ್ಪ ತಡವಾಗಿ ಬರುತ್ತದೆ: "ಈ ಫೋನು ನಿಂದೇನಾ, ಮನೆಯವರೂ ನೋಡ್ತಾರಾ?"

2003ರಲ್ಲಿ ಬ್ರಿಟನ್ನಿನ ಸೆಂಟ್ರಲ್ ಲ್ಯಾಂಕಷೈರ್ ವಿಶ್ವವಿದ್ಯಾಲಯದ ಸಂಶೋಧಕಿ ರೇಚಲ್ ಓ'ಕಾನೆಲ್ ಈ ಬಗ್ಗೆ ಒಂದು ವರದಿ ಬರೆದರು. ಅದಕ್ಕಾಗಿ ಅವರು ಮಗುವಿನ ಸೋಗಿನಲ್ಲಿ ಚಾಟ್‌ರೂಮ್‌ಗಳಲ್ಲಿ ಕೂತು, ಮಾತಾಡಿಸಲು ಬಂದವರು ಹಿಡಿಯುವ ದಾರಿಯನ್ನು ಗಮನಿಸಿದ್ದರು. ಮೊದಲು ಸ್ನೇಹ, ಆಮೇಲೆ ಆಪ್ತತೆ, ನಂತರ ಅಪಾಯದ ಅಂದಾಜು, ಅದಾದ ಮೇಲೆ 'ನಾನು, ನೀನು ಮಾತ್ರ' ಎನ್ನುವ ಗುಟ್ಟು, ಕೊನೆಗೆ ಲೈಂಗಿಕ ಮಾತು. ಎಲ್ಲರೂ ಇದೇ ಕ್ರಮದಲ್ಲಿ ಹೋಗುವುದಿಲ್ಲ. ಕೆಲವರು ನಡುವಿನ ಹಂತಗಳನ್ನು ಹಾರಿಸಿಬಿಡುತ್ತಾರೆ. ಆದರೆ ಅಪಾಯದ ಅಂದಾಜು ಎಂಬ ಆ ಮೂರನೆಯ ಹಂತವನ್ನು ಪ್ರತಿಯೊಬ್ಬ ಪೋಷಕರೂ ನೆನಪಿಟ್ಟುಕೊಳ್ಳಬೇಕು. ಅಲ್ಲಿ ಅವನು ತೂಗಿ ನೋಡುತ್ತಿರುವುದು ಒಂದೇ ವಿಷಯ: ಈ ಮಗು ಮನೆಯಲ್ಲಿ ಹೇಳುತ್ತದೆಯೋ ಇಲ್ಲವೋ. ಹೇಳುವ ಮಗು ಎಂದು ಖಾತ್ರಿಯಾದರೆ ಬಹಳ ಸಲ ಅವನೇ ಸದ್ದಿಲ್ಲದೆ ಜಾಗ ಖಾಲಿ ಮಾಡುತ್ತಾನೆ. ಇನ್ನೊಂದು ಮಗುವಿಗೆ ಮೆಸೇಜ್ ಕಳಿಸಲು ಅವನಿಗೆ ಖರ್ಚೇನೂ ಇಲ್ಲ.

ಗ್ರೂಮಿಂಗ್ ಎಂದು ಕರೆಯುವ ಈ ಪ್ರಕ್ರಿಯೆ ಮುಂದಕ್ಕೆ ಹೋದಂತೆ ಕೆಲವು ಗುರುತುಗಳು ಕಾಣಿಸುತ್ತವೆ. ಒಂದು, ಜಾಗ ಬದಲಾಯಿಸುವುದು. ಆಟದ ಚಾಟ್‌ನಲ್ಲೋ ವಿಡಿಯೊ ಕೆಳಗಿನ ಕಾಮೆಂಟ್‌ನಲ್ಲೋ ಪರಿಚಯವಾದವನು ಬೇಗನೆ "ಇಲ್ಲಿ ಸರಿಯಾಗಿ ಮಾತಾಡಕ್ಕಾಗಲ್ಲ" ಎಂದು ಬೇರೆ ಆ್ಯಪ್‌ಗೆ ಕರೆಯುತ್ತಾನೆ. ಮೊದಲ ಜಾಗದಲ್ಲಿ ಕೆಟ್ಟ ಮಾತನ್ನು ಹಿಡಿಯುವ ಫಿಲ್ಟರ್ ಇರಬಹುದು, ಬೇರೆ ಆಟಗಾರರಿರಬಹುದು. ಎರಡನೆಯ ಜಾಗದಲ್ಲಿ ಮೆಸೇಜ್ ತಾನೇ ಅಳಿಸಿಹೋಗಬಹುದು. ಇನ್ನೊಂದು, ಉಡುಗೊರೆ. ಆಟದೊಳಗಿನ ನಾಣ್ಯ, ಆಟದ ಪಾತ್ರಕ್ಕೆ ತೊಡಿಸುವ ಹೊಸ ವೇಷ (ಸ್ಕಿನ್), ರೀಚಾರ್ಜ್. ದೊಡ್ಡವರ ಕಣ್ಣಿಗೆ ಇವು ಕ್ಷುಲ್ಲಕ. ಆದರೆ ಹನ್ನೊಂದು ವರ್ಷದ ಮಗುವಿಗೆ ಅದು ಋಣ. ಋಣ ತೀರಿಸಬೇಕಲ್ಲ ಎಂಬ ಒತ್ತಡ ಅಲ್ಲಿಂದಲೇ ಶುರು.

ನನಗೆ ಎಲ್ಲಕ್ಕಿಂತ ಕ್ರೂರ ಅನ್ನಿಸುವುದು ಸಣ್ಣ ಸಣ್ಣ ಪರೀಕ್ಷೆಗಳು. ಅವನು ಒಂದು ಅಶ್ಲೀಲ ಜೋಕ್ ಹೇಳುತ್ತಾನೆ. ಮಗು ಮುಜುಗರದಿಂದ ಒಂದು ನಗುವಿನ ಇಮೋಜಿ ಹಾಕಿದರೆ ಮುಂದಿನ ಸಲ ಇನ್ನೂ ಸ್ವಲ್ಪ ದೂರ ಹೋಗುತ್ತಾನೆ. ಮಗು ಬೇಡ ಅಂದರೆ "ಅಯ್ಯೋ ತಮಾಷೆಗಂದೆ, ನೀನಿನ್ನೂ ಚಿಕ್ಕೋಳು ಬಿಡು" ಎಂದು ಹಿಂದೆ ಸರಿಯುತ್ತಾನೆ. ಮರುದಿನ ಚಿಕ್ಕವಳಲ್ಲ ಎಂದು ತೋರಿಸಿಕೊಳ್ಳುವ ಸರದಿ ಆ ಹುಡುಗಿಯದ್ದಾಗುತ್ತದೆ. ಹೀಗೆ ಒಂದೊಂದು ಹೆಜ್ಜೆಯನ್ನೂ ತಾನೇ ಇಟ್ಟೆ ಎಂದು ಮಗುವಿಗೆ ಅನ್ನಿಸುವ ಹಾಗೆ ಮಾಡಲಾಗುತ್ತದೆ. "ನಾನೇ ಉತ್ತರ ಕೊಟ್ಟೆನಲ್ಲ, ನಾನೇ ಫೋಟೊ ಕಳಿಸಿದೆನಲ್ಲ" ಎಂದು ಮಕ್ಕಳು ಆಮೇಲೆ ಅಳುವುದಕ್ಕೆ ಕಾರಣ ಇದೇ. ತಪ್ಪು ಒಂದಿಷ್ಟೂ ಮಗುವಿನದಲ್ಲ. ತಪ್ಪು ತನ್ನದೇ ಎಂದು ಮಗುವಿಗೆ ಅನ್ನಿಸುವಂತೆ ಮಾಡುವುದು ಅವನ ಕೆಲಸದ ಒಂದು ಭಾಗ.

ಇಲ್ಲೊಂದು ತಪ್ಪು ಕಲ್ಪನೆಯನ್ನು ಬಿಡಿಸಿಕೊಳ್ಳಬೇಕು. ಆನ್‌ಲೈನ್ ಅಪಾಯ ಅಂದಕೂಡಲೇ ಮಗುವಿನ ಹೆಸರಿಟ್ಟುಕೊಂಡು ಮಗುವಿನ ಹಾಗೆ ನಟಿಸುವ ಮುದುಕನ ಚಿತ್ರ ನಮ್ಮ ಕಣ್ಣ ಮುಂದೆ ಬರುತ್ತದೆ. ಅಮೆರಿಕದ ನ್ಯೂ ಹ್ಯಾಂಪ್‌ಷೈರ್ ವಿಶ್ವವಿದ್ಯಾಲಯದ ಜಾನಿಸ್ ವೋಲಾಕ್, ಡೇವಿಡ್ ಫಿಂಕೆಲ್‌ಹೋರ್ ಮತ್ತು ಸಹೋದ್ಯೋಗಿಗಳು ಪೊಲೀಸ್ ಪ್ರಕರಣಗಳನ್ನು ಆಧರಿಸಿ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಬೇರೆ. ಬಲಿಯಾದವರಲ್ಲಿ ಹೆಚ್ಚಿನವರು ಹದಿಹರೆಯದವರು. ತಾವು ಮಾತಾಡುತ್ತಿರುವುದು ವಯಸ್ಕರ ಜೊತೆ ಎಂಬುದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿತ್ತು. ಅಪರಾಧಿಗಳಲ್ಲಿ ತಾನೂ ಹದಿಹರೆಯದವನೇ ಎಂದು ಸುಳ್ಳು ಹೇಳಿದವರು ಶೇ. 5ರಷ್ಟು ಮಾತ್ರ. ಅಂದರೆ ಅನೇಕ ಪ್ರಕರಣಗಳಲ್ಲಿ ಮಗುವನ್ನು ಕಟ್ಟಿಹಾಕಿದ್ದು ಸುಳ್ಳು ವಯಸ್ಸಲ್ಲ, ಪ್ರೀತಿ ಸಿಕ್ಕಿತು ಎಂಬ ನಂಬಿಕೆ. "ಅಪರಿಚಿತರ ಜೊತೆ ಮಾತಾಡಬೇಡ" ಎಂಬ ಬುದ್ಧಿಮಾತು ಇಲ್ಲೇ ಸೋಲುವುದು. ಮೂರು ವಾರ ದಿನವೂ ಮಾತಾಡಿದ ಮೇಲೆ ಅವನು ಮಗುವಿನ ಲೆಕ್ಕದಲ್ಲಿ ಅಪರಿಚಿತನಲ್ಲ. ಕೆಲವು ಸಲವಂತೂ ಅವನು ನಿಜಕ್ಕೂ ಪರಿಚಿತನೇ: ಸಂಬಂಧಿ, ಕೋಚ್, ಟ್ಯೂಷನ್ ಮೇಷ್ಟ್ರು, ಹಿರಿಯ ವಿದ್ಯಾರ್ಥಿ. ಆನ್‌ಲೈನ್ ಚಾಟ್ ಅವನಿಗೆ ಇನ್ನೊಂದು ಬಾಗಿಲು, ಅಷ್ಟೇ.

ಯಾವ ಮಗುವಿಗೂ ಇದು ಆಗಬಹುದು. ಆದರೂ ಮನೆಯಲ್ಲಿ ಜಗಳ ನೋಡುತ್ತಿರುವ, ಗೆಳೆಯರಿಲ್ಲದ, ತನ್ನ ಲೈಂಗಿಕತೆಯ ಬಗ್ಗೆ ಯಾರ ಹತ್ತಿರವೂ ಹೇಳಿಕೊಳ್ಳಲಾಗದ ಮಕ್ಕಳ ಕಡೆ ಇಂಥವರು ಹೆಚ್ಚು ತಿರುಗುತ್ತಾರೆ. ಹೇಳಿಕೊಳ್ಳಲು ಯಾರೂ ಇಲ್ಲದ ಕಡೆ ಗುಟ್ಟು ಸುಲಭವಾಗಿ ನಿಲ್ಲುತ್ತದೆ.

ಗಂಟೆಗಳಲ್ಲಿ ಮುಗಿಯುವ ಬ್ಲ್ಯಾಕ್‌ಮೇಲ್

ಇಲ್ಲಿಯವರೆಗೆ ಹೇಳಿದ್ದು ವಾರಗಟ್ಟಲೆ, ತಿಂಗಳುಗಟ್ಟಲೆ ನಡೆಯುವ ಮೋಸ. ಈಚಿನ ವರ್ಷಗಳಲ್ಲಿ ಇದರ ಪಕ್ಕದಲ್ಲೇ ಬೆಳೆದಿರುವ ಇನ್ನೊಂದು ದಂಧೆಯ ವೇಗವೇ ಬೇರೆ. ಅದು ಸೆಕ್ಸ್‌ಟಾರ್ಷನ್, ಅಂದರೆ ನಗ್ನ ಚಿತ್ರ ತೋರಿಸಿ ಹೆದರಿಸಿ ಹಣ ಕೀಳುವುದು. ಇಲ್ಲಿ ಗುರಿಯಾಗುವವರು ಬಹುಪಾಲು 14ರಿಂದ 17 ವರ್ಷದ ಹುಡುಗರು. ಸಂಜೆ ಒಬ್ಬಳು ಸುಂದರ ಹುಡುಗಿಯ ಖಾತೆಯಿಂದ ರಿಕ್ವೆಸ್ಟ್ ಬರುತ್ತದೆ. ಇಬ್ಬರು ಮೂವರು ಕ್ಲಾಸ್‌ಮೇಟ್‌ಗಳು ಆ ಖಾತೆಯನ್ನು ಆಗಲೇ ಫಾಲೋ ಮಾಡುತ್ತಿರುತ್ತಾರೆ, ಹಾಗಾಗಿ ನಂಬಿಕೆ ಬರುತ್ತದೆ. ಸ್ವಲ್ಪ ಹೊತ್ತಿನಲ್ಲಿ ಅವಳೇ ಮೊದಲು ಒಂದು ಚಿತ್ರ ಕಳಿಸುತ್ತಾಳೆ, "ಈಗ ನಿಂದು" ಎನ್ನುತ್ತಾಳೆ. ಹುಡುಗ ಕಳಿಸಿದ ಮರುಕ್ಷಣ ಭಾಷೆ ಬದಲಾಗುತ್ತದೆ. ಅವನ ಫಾಲೋವರ್ಸ್ ಪಟ್ಟಿಯ ಸ್ಕ್ರೀನ್‌ಶಾಟ್ ಬರುತ್ತದೆ. ಅದರಲ್ಲಿ ಅವನ ಅಕ್ಕ, ಮಾವ, ಟೀಚರ್ ಎಲ್ಲರ ಹೆಸರಿದೆ. ಇಷ್ಟು ನಿಮಿಷದಲ್ಲಿ ದುಡ್ಡು ಬರದಿದ್ದರೆ ಎಲ್ಲರಿಗೂ ಕಳಿಸುತ್ತೇನೆ ಎಂಬ ಗಡುವು. ಆ ಕಡೆ ಹುಡುಗಿಯೇ ಇಲ್ಲ. ದೂರದ ಯಾವುದೋ ದೇಶದಲ್ಲಿ ಇದನ್ನೇ ಕಸುಬು ಮಾಡಿಕೊಂಡವರು ಒಟ್ಟಿಗೇ ಹತ್ತಾರು ಹುಡುಗರ ಜೊತೆ ಇದೇ ಮಾತನ್ನು ಟೈಪ್ ಮಾಡುತ್ತಿರುತ್ತಾರೆ.

ಅಮೆರಿಕದ ಎನ್‌ಸಿಎಂಇಸಿ ಎಂಬ ಸಂಸ್ಥೆ ಮಕ್ಕಳ ಶೋಷಣೆಯ ಬಗ್ಗೆ 1998ರಿಂದ ಸೈಬರ್‌ಟಿಪ್‌ಲೈನ್ ಮೂಲಕ ದೂರು ಸ್ವೀಕರಿಸುತ್ತಿದೆ. ಹಣಕ್ಕಾಗಿ ನಡೆದ ಸೆಕ್ಸ್‌ಟಾರ್ಷನ್ ಬಗ್ಗೆ ಅಲ್ಲಿಗೆ 2022ರಲ್ಲಿ ಬಂದ ದೂರುಗಳು 10,731, ಮರುವರ್ಷ 26,718. ಇವು ಹೇಳಿಕೊಂಡವರ, ಪತ್ತೆಯಾದವರ ಲೆಕ್ಕ ಮಾತ್ರ. ಹೇಳಿಕೊಳ್ಳದವರ ಲೆಕ್ಕ ಯಾವ ಪಟ್ಟಿಗೂ ಬರುವುದಿಲ್ಲ. ಕೆಲವು ಹುಡುಗರು ಬೆದರಿಕೆ ಶುರುವಾದ ಕೆಲವೇ ಗಂಟೆಗಳಲ್ಲಿ ಪ್ರಾಣ ಕಳೆದುಕೊಂಡಿದ್ದಾರೆ. ಗಡುವು ಇಡುವುದರ ಉದ್ದೇಶವೇ ಮಗುವಿಗೆ ಯೋಚಿಸಲು, ಇನ್ನೊಬ್ಬರ ಹತ್ತಿರ ಹೋಗಲು ಸಮಯ ಸಿಗದಂತೆ ಮಾಡುವುದು.

ಕೆನಡಾದ ಅಮಾಂಡಾ ಟಾಡ್ ಎಂಬ ಹುಡುಗಿ 2012ರಲ್ಲಿ, ತನ್ನ 15ನೇ ವಯಸ್ಸಿನಲ್ಲಿ ತೀರಿಕೊಂಡಾಗ ನಗ್ನ ಚಿತ್ರ ಹಿಡಿದು ಹೆದರಿಸುವ ಬ್ಲ್ಯಾಕ್‌ಮೇಲ್ ಜಗತ್ತಿನ ಗಮನಕ್ಕೆ ಬಂದಿತ್ತು. ಅವಳನ್ನು ವರ್ಷಗಟ್ಟಲೆ ನಕಲಿ ಖಾತೆಗಳಿಂದ ಬೆನ್ನಟ್ಟಿದವನು ನೆದರ್‌ಲ್ಯಾಂಡ್ಸ್‌ನಲ್ಲಿ ಕುಳಿತಿದ್ದ. ಅವನಿಗೆ ಕೆನಡಾದ ಕೋರ್ಟಿನಲ್ಲಿ ಶಿಕ್ಷೆಯಾದದ್ದು 2022ರಲ್ಲಿ, ಹತ್ತು ವರ್ಷಗಳ ನಂತರ. ಆ ಪ್ರಕರಣದಲ್ಲಿ ನನ್ನನ್ನು ಬಿಡದೆ ಕಾಡುವುದು ಅವನೊಬ್ಬನಲ್ಲ. ಚಿತ್ರ ಹರಿದಾಡಿದ ಮೇಲೆ ಅವಳನ್ನು ಹಂಗಿಸಿದ, ದೂರ ಇಟ್ಟ ಸಹಪಾಠಿಗಳೂ ಇದ್ದರು. ಅವಳು ಶಾಲೆ ಬದಲಾಯಿಸಿದರೂ ಅದು ಹಿಂಬಾಲಿಸಿತು. ಬೆದರಿಕೆ ಹಾಕುವವನಿಗೆ ಬಲ ಬರುವುದು ಸುತ್ತಲಿನವರು ಮಗುವನ್ನೇ ಹಳಿಯುತ್ತಾರೆ ಎಂಬ ಭರವಸೆಯಿಂದ. ಹಾಗಾಗಿ ಇಂಥ ಸುದ್ದಿ ಬಂದಾಗ ಊಟದ ಹೊತ್ತಲ್ಲಿ "ಅವಳಿಗ್ಯಾಕೆ ಬೇಕಿತ್ತು ಇದೆಲ್ಲ" ಎಂದು ನಾವು ಆಡುವ ಮಾತನ್ನು ಪಕ್ಕದಲ್ಲಿ ಕೂತ ಮಗು ಕೇಳಿಸಿಕೊಂಡಿರುತ್ತದೆ. ನಾಳೆ ತನಗೇ ಹೀಗಾದರೆ ಇವರ ಹತ್ತಿರ ಹೇಳಬಾರದು ಎಂದು ಅದು ಆಗಲೇ ತೀರ್ಮಾನಿಸಿರುತ್ತದೆ.

ಹಣವೂ ಬೇಡದ, ಕ್ರೌರ್ಯವನ್ನೇ ಆಟ ಮಾಡಿಕೊಂಡ ಗುಂಪುಗಳೂ ಇವೆ. ಮಕ್ಕಳನ್ನು ಬೆದರಿಸಿ ತಮ್ಮ ಮೈಗೆ ತಾವೇ ಗಾಯ ಮಾಡಿಕೊಳ್ಳುವಂತೆ ಒತ್ತಾಯಿಸುವ ಇಂಥ ಗುಂಪುಗಳ ಬಗ್ಗೆ ಎಫ್‌ಬಿಐ 2023ರ ಸೆಪ್ಟೆಂಬರ್‌ನಲ್ಲಿ ಸಾರ್ವಜನಿಕ ಎಚ್ಚರಿಕೆ ಕೊಟ್ಟಿತು. ಬಿಸಿಲಲ್ಲೂ ತುಂಬುತೋಳಿನ ಬಟ್ಟೆ ಬಿಚ್ಚದ, ಮೈಮೇಲೆ ವಿವರಿಸಲಾಗದ ಗಾಯಗಳಿರುವ ಮಗುವನ್ನು ಕಂಡಾಗ ಇದೂ ಒಂದು ಸಾಧ್ಯತೆ ಎಂದು ಗೊತ್ತಿರಲಿ.

ಸೆಟ್ಟಿಂಗ್ಸ್ ಎಷ್ಟು ಕಾಯುತ್ತವೆ

ಬಹುತೇಕ ಆ್ಯಪ್‌ಗಳು 13 ವರ್ಷ ತುಂಬಿರಬೇಕು ಎನ್ನುತ್ತವೆ. ಆ 13 ಬಂದದ್ದು ಅಮೆರಿಕದ 1998ರ ಕೊಪ್ಪಾ ಕಾನೂನಿನಿಂದ. ಅದಕ್ಕಿಂತ ಚಿಕ್ಕ ಮಕ್ಕಳ ಮಾಹಿತಿ ಸಂಗ್ರಹಿಸಲು ಪೋಷಕರ ಒಪ್ಪಿಗೆ ಬೇಕು ಎಂಬುದು ಅದರ ಸಾರ. ಅಂದರೆ 13 ವರ್ಷಕ್ಕೆ ಮಗು ಈ ಜಗತ್ತಿಗೆ ತಯಾರಾಗಿರುತ್ತದೆ ಎಂದು ಯಾರೂ ಪರೀಕ್ಷೆ ಮಾಡಿ ಹೇಳಿದ ಸಂಖ್ಯೆಯಲ್ಲ ಅದು, ಮಾಹಿತಿಯ ಗಡಿ.

ಈ ಗಡಿಯನ್ನು ದಾಟಲು ಮಕ್ಕಳು ಹುಟ್ಟಿದ ವರ್ಷವನ್ನು ಸುಳ್ಳು ಹೇಳುತ್ತಾರೆ, ಎಷ್ಟೋ ಸಲ ಅಪ್ಪ ಅಮ್ಮನೇ ಕೂತು ಆ ಸುಳ್ಳನ್ನು ಟೈಪ್ ಮಾಡಿಕೊಡುತ್ತಾರೆ. ಇದರ ಪರಿಣಾಮ ಆಗ ತಿಳಿಯುವುದಿಲ್ಲ. ಹತ್ತು ವರ್ಷದ ಮಗು 13 ಎಂದು ಹೇಳಿ ಖಾತೆ ತೆರೆದರೆ, ಅದಕ್ಕೆ 15 ಆಗುವಷ್ಟರಲ್ಲಿ ಆ್ಯಪ್‌ನ ದೃಷ್ಟಿಯಲ್ಲಿ 18 ಆಗಿರುತ್ತದೆ. ಹದಿಹರೆಯದವರಿಗಾಗಿ ಆ್ಯಪ್ ಇಟ್ಟಿರುವ ರಕ್ಷಣೆಗಳೆಲ್ಲ ಅತಿ ಹೆಚ್ಚು ಬೇಕಾದ ವಯಸ್ಸಿನಲ್ಲೇ ಕಳಚಿ ಬೀಳುತ್ತವೆ. ಇನ್‌ಸ್ಟಾಗ್ರಾಮ್ 2024ರ ಸೆಪ್ಟೆಂಬರ್‌ನಲ್ಲಿ ಟೀನ್ ಅಕೌಂಟ್ಸ್ ಎಂಬ ವ್ಯವಸ್ಥೆ ತಂದಿತು. 18ರೊಳಗಿನವರ ಖಾತೆ ತಾನಾಗಿಯೇ ಪ್ರೈವೇಟ್ ಆಗುತ್ತದೆ, ಪರಿಚಯವಿಲ್ಲದವರ ಮೆಸೇಜ್ ಬರುವುದಿಲ್ಲ, 16ರೊಳಗಿನವರು ಇದನ್ನು ಸಡಿಲಿಸಬೇಕಾದರೆ ಪೋಷಕರ ಒಪ್ಪಿಗೆ ಬೇಕು. ಆದರೆ ಇದೆಲ್ಲ ನಿಂತಿರುವುದು ಖಾತೆಯಲ್ಲಿರುವ ವಯಸ್ಸಿನ ಮೇಲೆ. ಆದ್ದರಿಂದ ಇವತ್ತು ಮಗುವಿನ ಫೋನಿನಲ್ಲಿ ಒಂದೇ ಒಂದು ಕೆಲಸ ಮಾಡಲು ಸಮಯವಿದ್ದರೆ, ಪ್ರತಿ ಆ್ಯಪ್‌ನಲ್ಲೂ ದಾಖಲಾಗಿರುವ ಹುಟ್ಟಿದ ದಿನಾಂಕವನ್ನು ಮಗುವಿನ ಜೊತೆಯಲ್ಲೇ ಕೂತು ನೋಡಿ.

ಉಳಿದ ಸೆಟ್ಟಿಂಗ್ಸ್ ಬಗ್ಗೆ ಚುಟುಕಾಗಿ ಹೇಳಬಹುದು. ಖಾತೆ ಪ್ರೈವೇಟ್ ಇರಲಿ, ಫಾಲೋವರ್ಸ್ ಪಟ್ಟಿ ಹೊರಗಿನವರಿಗೆ ಕಾಣದಿರಲಿ, ಲೊಕೇಶನ್ ಆಫ್ ಇರಲಿ, ಆಟಗಳಲ್ಲಿ ವಾಯ್ಸ್ ಚಾಟ್ ಗೊತ್ತಿರುವ ಗೆಳೆಯರಿಗೆ ಮಾತ್ರ. ಚಿಕ್ಕ ಮಕ್ಕಳ ಫೋನು ರಾತ್ರಿ ಮಲಗುವ ಕೋಣೆಯಿಂದ ಹೊರಗಿರಲಿ. ಇದು ದೊಡ್ಡವರ ಫೋನಿಗೂ ಅನ್ವಯಿಸಿದರೆ ಮಕ್ಕಳು ಒಪ್ಪುತ್ತಾರೆ. ಮಗುವಿನ ಶಾಲೆಯ ಹೆಸರು ಕಾಣುವ ಸಮವಸ್ತ್ರದ ಫೋಟೊವನ್ನು ನಾವೇ ಎಲ್ಲರಿಗೂ ಕಾಣುವಂತೆ ಹಾಕುವುದನ್ನು ನಿಲ್ಲಿಸಬೇಕು. ಈಗ ಎಐ ಬಳಸಿ ಸಾಮಾನ್ಯ ಫೋಟೊದಿಂದಲೇ ನಗ್ನ ಚಿತ್ರ ಸೃಷ್ಟಿಸಿ ಬೆದರಿಸುವ ಪ್ರಕರಣಗಳು ಬರುತ್ತಿವೆ. ಅಂದರೆ ಮಗು ಏನನ್ನೂ ಕಳಿಸದಿದ್ದರೂ ಬ್ಲ್ಯಾಕ್‌ಮೇಲ್ ಸಾಧ್ಯ.

ಕಂಪನಿಗಳ ಕಡೆಯಿಂದ ನಡೆಯುವ ಮುಖ್ಯ ಕೆಲಸ ಹ್ಯಾಶ್ ಹೊಂದಾಣಿಕೆ. ಮಕ್ಕಳ ಶೋಷಣೆಯ ಚಿತ್ರ ಎಂದು ಗುರುತಿಸಲಾದ ಪ್ರತಿ ಚಿತ್ರದಿಂದ ಬೆರಳಚ್ಚಿನಂಥ ಒಂದು ಸಂಖ್ಯಾಸರಣಿ ತಯಾರಿಸಲಾಗುತ್ತದೆ. ಅದೇ ಚಿತ್ರವನ್ನು ಬೇರೆಲ್ಲಾದರೂ ಅಪ್‌ಲೋಡ್ ಮಾಡಿದರೆ ಸಂಖ್ಯೆ ತಾಳೆಯಾಗಿ ಸಿಕ್ಕಿಬೀಳುತ್ತದೆ. ಮೈಕ್ರೋಸಾಫ್ಟ್ ಮತ್ತು ಡಾರ್ಟ್‌ಮತ್ ಕಾಲೇಜಿನ ಹನಿ ಫರೀದ್ 2009ರಲ್ಲಿ ರೂಪಿಸಿದ ಫೋಟೋಡಿಎನ್‌ಎ ಈ ಕೆಲಸವನ್ನು ದೊಡ್ಡ ಮಟ್ಟದಲ್ಲಿ ಸಾಧ್ಯವಾಗಿಸಿತು. ಚಿತ್ರದ ಅಳತೆ, ಬಣ್ಣ ಸ್ವಲ್ಪ ಬದಲಾದರೂ ಅದು ಗುರುತು ಹಿಡಿಯುತ್ತದೆ. ಆದರೆ ಹ್ಯಾಶ್ ಹಿಡಿಯುವುದು ಈಗಾಗಲೇ ಗೊತ್ತಿರುವ ಚಿತ್ರವನ್ನು. ಈ ಕ್ಷಣ ಒಂದು ಮಗು ತೆಗೆಯುತ್ತಿರುವ ಹೊಸ ಚಿತ್ರದ ಬಗ್ಗೆ, "ಯಾರಿಗೂ ಹೇಳ್ಬೇಡ" ಎಂಬ ಮಾತಿನ ಬಗ್ಗೆ ಅದಕ್ಕೆ ಏನೂ ತಿಳಿಯದು. ಎರಡು ತುದಿಯವರಿಗೆ ಮಾತ್ರ ಕಾಣುವಂತೆ ಎನ್‌ಕ್ರಿಪ್ಟ್ ಆದ ಚಾಟ್‌ಗಳ ಒಳಗನ್ನು ಕಂಪನಿಯ ಸರ್ವರ್ ಕೂಡ ನೋಡಲಾರದು.

ಕಾನೂನುಗಳೂ ಬಿಗಿಯಾಗುತ್ತಿವೆ. ಯುರೋಪಿನ ದೇಶಗಳು 2007ರಲ್ಲಿ ಸಹಿಗೆ ತೆರೆದ ಲಾನ್ಸರೋಟೆ ಒಡಂಬಡಿಕೆ ಲೈಂಗಿಕ ಉದ್ದೇಶಕ್ಕೆ ಮಗುವನ್ನು ಆನ್‌ಲೈನ್ ಮೂಲಕ ಭೇಟಿಗೆ ಕರೆಯುವುದನ್ನೇ ಅಪರಾಧ ಎಂದಿತು. ಆಸ್ಟ್ರೇಲಿಯಾ 2025ರ ಡಿಸೆಂಬರ್ 10ರಿಂದ ದೊಡ್ಡ ಸಾಮಾಜಿಕ ಜಾಲತಾಣಗಳಲ್ಲಿ 16ರೊಳಗಿನವರು ಖಾತೆ ಹೊಂದುವುದನ್ನೇ ತಡೆಯಿತು. ಇವೆಲ್ಲ ಬೇಕು. ಆದರೆ ಆ ಸಂಜೆ ಮಗುವಿನ ಪಕ್ಕದಲ್ಲಿ ಕಾನೂನು ಕೂತಿರುವುದಿಲ್ಲ.

ಮಗುವಿಗೆ ಏನು ಹೇಳಬೇಕು

ಹೆಚ್ಚಿನ ಮನೆಗಳಲ್ಲಿ ಮಕ್ಕಳು ಕೇಳಿರುವ ಎಚ್ಚರಿಕೆ ಒಂದೇ: "ಏನಾದ್ರೂ ಎಡವಟ್ಟು ಮಾಡ್ಕೊಂಡ್ರೆ ಫೋನ್ ಕಿತ್ಕೊಳ್ತೀನಿ." ಕಾಳಜಿಯಿಂದಲೇ ಹೇಳಿದ ಮಾತು ಅದು. ಆದರೆ ಬೇಟೆಗಾರನಿಗೆ ಇದಕ್ಕಿಂತ ಒಳ್ಳೆಯ ಸಹಾಯ ಬೇರೊಂದಿಲ್ಲ. "ನಿಮ್ಮಪ್ಪಂಗೆ ಗೊತ್ತಾದ್ರೆ ನಿನ್ನ ಕಥೆ ಏನು ಗೊತ್ತಲ್ಲ" ಎಂದು ಅವನು ಹೆದರಿಸಿದಾಗ ಮಗುವಿಗೆ ಅದು ನಿಜ ಅನ್ನಿಸುತ್ತದೆ, ಯಾಕೆಂದರೆ ಅಪ್ಪನೇ ಹಾಗಂದಿದ್ದಾರೆ. ಮಗುವಿನ ಬಾಯಿ ಮುಚ್ಚಿಸುವ ಅರ್ಧ ಕೆಲಸವನ್ನು ನಾವೇ ಮುಗಿಸಿಕೊಟ್ಟಿರುತ್ತೇವೆ.

ಅದರ ಬದಲು ಹೇಳಬೇಕಾದ್ದು ಹೀಗಿರಬಹುದು: "ಆನ್‌ಲೈನಲ್ಲಿ ಯಾರಾದ್ರೂ ನಿನ್ನ ಹೆದರಿಸಿದ್ರೆ, ಏನಾದ್ರೂ ಕಳಿಸು ಅಂದ್ರೆ, ನೀನು ಕಳಿಸಿಬಿಟ್ಟಿದ್ರೂ ಸರಿ, ಮೊದಲು ನನ್ನ ಹತ್ರ ಬಾ. ಬೈಯಲ್ಲ. ಫೋನ್ ಕಿತ್ಕೊಳ್ಳಲ್ಲ. ಇಬ್ರೂ ಸೇರಿ ಸರಿ ಮಾಡೋಣ." ಇದರಲ್ಲಿ "ಕಳಿಸಿಬಿಟ್ಟಿದ್ರೂ" ಎಂಬ ಮಾತನ್ನು ಬಿಡಬೇಡಿ. ಕಳಿಸದ ಮಗು ಹೇಗೂ ಬರುತ್ತದೆ. ಕಳಿಸಿದ ಮಗುವೇ ಬಾಗಿಲ ಬಳಿ ನಿಂತು ವಾಪಸ್ ಹೋಗುವುದು. ಒಮ್ಮೆ ಹೇಳಿದರೆ ಸಾಲದು, ಆಗಾಗ ಹೇಳಬೇಕು. ಮಗು ಸಣ್ಣ ತಪ್ಪು ಒಪ್ಪಿಕೊಂಡಾಗ ನಾವು ಹೇಗೆ ನಡೆದುಕೊಳ್ಳುತ್ತೇವೆ ಎಂಬುದನ್ನು ಅದು ಅಳೆಯುತ್ತಿರುತ್ತದೆ. ಒಡೆದ ಲೋಟಕ್ಕೆ ಮನೆ ನಡುಗುವಂತೆ ಕೂಗಿದವರ ಹತ್ತಿರ ಅದು ನಗ್ನ ಚಿತ್ರದ ವಿಷಯ ತರುವುದಿಲ್ಲ.

ಐದಾರು ವರ್ಷದ ಮಗುವಿಗೆ ಇಷ್ಟೆಲ್ಲ ವಿವರ ಬೇಡ. ಮೈಯ ಯಾವ ಭಾಗ ಖಾಸಗಿ, ಅದರ ಫೋಟೊ ಯಾರೂ ಕೇಳಬಾರದು, ಅಪ್ಪ ಅಮ್ಮನಿಗೆ ಹೇಳಬೇಡ ಎಂದು ಯಾರಾದರೂ ಅಂದರೆ ಅದನ್ನೇ ಮೊದಲು ಬಂದು ಹೇಳಬೇಕು, ಇಷ್ಟು ಸಾಕು. ಹತ್ತು ಹನ್ನೊಂದರ ಮಗುವಿನ ಜೊತೆ ಅದು ಆಡುವ ಆಟವನ್ನು ಒಮ್ಮೆ ಕೂತು ಆಡಿ. ಅಲ್ಲಿ ಯಾರು ಯಾರು ಮಾತಾಡುತ್ತಾರೆ ಎಂದು ಆಗ ಕಿವಿಗೇ ಬೀಳುತ್ತದೆ. ಹದಿಹರೆಯದವರಿಗೆ ಸೆಕ್ಸ್‌ಟಾರ್ಷನ್ ಹೇಗೆ ನಡೆಯುತ್ತದೆ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು, ಹುಡುಗರಿಗೆ ವಿಶೇಷವಾಗಿ. ಹೆಣ್ಣುಮಕ್ಕಳಿಗೆ ಎಚ್ಚರಿಕೆ ಹೇಳಿ ಗಂಡುಮಕ್ಕಳನ್ನು ಬಿಟ್ಟುಬಿಡುವ ನಮ್ಮ ಅಭ್ಯಾಸ ಇವತ್ತು ನೇರವಾಗಿ ಆ ದಂಧೆಯವರಿಗೆ ಅನುಕೂಲವಾಗುತ್ತಿದೆ. ಪದ್ಧತಿಯನ್ನು ಮೊದಲೇ ಕೇಳಿದ ಹುಡುಗನಿಗೆ "ಈಗ ನಿಂದು" ಎಂಬ ಮೆಸೇಜ್ ಬಂದಾಗ ಅನುಮಾನ ಹುಟ್ಟುವ ಸಾಧ್ಯತೆಯಾದರೂ ಇರುತ್ತದೆ.

ಲಕ್ಷಣಗಳ ಪಟ್ಟಿಯನ್ನು ನಂಬಿ ಕೂರಬಾರದು. ಫೋನ್ ತಿರುಗಿಸಿ ಹಿಡಿಯುವುದು, ರಾತ್ರಿ ಎಚ್ಚರವಿರುವುದು, ಸಿಡುಕು, ಇವೆಲ್ಲ ಆ ವಯಸ್ಸಿನಲ್ಲಿ ಸಹಜ. ಎಲ್ಲಿಂದ ಬಂತೆಂದು ಗೊತ್ತಿಲ್ಲದ ಉಡುಗೊರೆ, ಇದ್ದಕ್ಕಿದ್ದಂತೆ ಹಣ ಬೇಕೆನ್ನುವುದು, ಒಂದೇ ಸಂಜೆಯಲ್ಲಿ ಮಗು ಪೂರ್ತಿ ಕುಸಿದಂತೆ ಕಾಣುವುದು, ಇವಕ್ಕೆ ಮಾತ್ರ ತಕ್ಷಣ ಪಕ್ಕದಲ್ಲಿ ಹೋಗಿ ಕೂರಬೇಕು.

ಆಗಿಬಿಟ್ಟಿದ್ದರೆ

ಮಗು ಬಂದು ಹೇಳಿದಾಗ ಮೊದಲ ವಾಕ್ಯ "ಹೇಳಿದ್ದು ಒಳ್ಳೇದಾಯ್ತು" ಆಗಿರಲಿ. "ಯಾಕೆ ಕಳಿಸ್ದೆ" ಎಂಬ ಪ್ರಶ್ನೆ ಆ ರಾತ್ರಿ ಬೇಡವೇ ಬೇಡ.

ಹಣ ಕೊಡಬೇಡಿ. ಕೊಟ್ಟರೆ ನಿಲ್ಲುವುದಿಲ್ಲ, ಕೊಡುವವರು ಎಂದು ತಿಳಿದು ಇನ್ನಷ್ಟು ಕೇಳುತ್ತಾರೆ. ಈಗಾಗಲೇ ಕೊಟ್ಟಿದ್ದರೆ ಅದನ್ನೂ ದೂರಿನಲ್ಲಿ ಹೇಳಿ. ಹಣ ಹೋದ ಖಾತೆಯ ವಿವರ ತನಿಖೆಗೆ ಸುಳಿವಾಗುತ್ತದೆ. ಗಾಬರಿಯಲ್ಲಿ ಚಾಟ್ ಅಳಿಸಬೇಡಿ. ಆ ಖಾತೆಯ ಯೂಸರ್‌ನೇಮ್, ಪ್ರೊಫೈಲ್ ಲಿಂಕ್, ಬೆದರಿಕೆಯ ಮಾತುಗಳು, ಹಣ ಕಳಿಸಲು ಕೊಟ್ಟ ವಿವರ, ದಿನಾಂಕ ಮತ್ತು ಸಮಯ ಎಲ್ಲವನ್ನೂ ಸ್ಕ್ರೀನ್‌ಶಾಟ್ ತೆಗೆದಿಡಿ. ಆದರೆ ಮಗುವಿನ ನಗ್ನ ಚಿತ್ರವನ್ನು ನಕಲು ಮಾಡಿಕೊಳ್ಳಬೇಡಿ, ಸಾಕ್ಷಿಗೆಂದು ಯಾರಿಗೂ ಫಾರ್ವರ್ಡ್ ಮಾಡಬೇಡಿ. ಅನೇಕ ದೇಶಗಳಲ್ಲಿ ಅದೇ ಅಪರಾಧವಾಗುತ್ತದೆ. ಫೋನನ್ನು ಹಾಗೇ ಪೊಲೀಸರಿಗೆ ತೋರಿಸಿದರೆ ಸಾಕು. ಇಷ್ಟಾದ ಮೇಲೆ ಆ್ಯಪ್‌ನಲ್ಲಿ ರಿಪೋರ್ಟ್ ಮಾಡಿ, ಬ್ಲಾಕ್ ಮಾಡಿ, ಪೊಲೀಸರಿಗೆ ಅಥವಾ ನಿಮ್ಮ ದೇಶದ ಮಕ್ಕಳ ಸಹಾಯವಾಣಿಗೆ ದೂರು ಕೊಡಿ. ಮಗುವಿನ ಖಾತೆಯಿಂದ ನೀವೇ ಮಾತಾಡಿ ಅವನನ್ನು ಹಿಡಿಯುತ್ತೇನೆ ಎಂದು ಹೊರಡಬೇಡಿ. ಅವನು ಎಚ್ಚೆತ್ತು ಖಾತೆ ಅಳಿಸಿದರೆ ಸಾಕ್ಷಿಯೂ ಹೋಗುತ್ತದೆ.

ಆ ರಾತ್ರಿ ಮಗುವನ್ನು ಒಂಟಿಯಾಗಿ ಬಿಡಬೇಡಿ. ಸತ್ತುಹೋಗಬೇಕು ಅನ್ನಿಸ್ತಿದೆಯಾ ಎಂದು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ಹುಟ್ಟುತ್ತದೆ ಎಂಬುದು ನಿಜವಲ್ಲ. ಕೇಳಿದಾಗಲೇ ಮಗುವಿಗೆ ಹೇಳಿಕೊಳ್ಳಲು ದಾರಿ ಸಿಗುವುದು. ಹೌದು ಎಂದರೆ ತಕ್ಷಣ ವೈದ್ಯರ ನೆರವು ಪಡೆಯಿರಿ.

ಚಿತ್ರ ಹರಡದಂತೆ ತಡೆಯಲು ಎನ್‌ಸಿಎಂಇಸಿಯ 'ಟೇಕ್ ಇಟ್ ಡೌನ್' ಎಂಬ ಉಚಿತ ಸೇವೆ ಇದೆ. ಇದನ್ನು ಯಾವ ದೇಶದಿಂದಲಾದರೂ, ಹೆಸರು ಹೇಳದೆಯೂ ಬಳಸಬಹುದು. ಚಿತ್ರವನ್ನು ಅಲ್ಲಿಗೆ ಕಳಿಸುವ ಅಗತ್ಯವಿಲ್ಲ. ಅದು ಫೋನಿನಲ್ಲೇ ಉಳಿಯುತ್ತದೆ. ಅದರಿಂದ ತಯಾರಾದ ಹ್ಯಾಶ್ ಮಾತ್ರ ಹೋಗುತ್ತದೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ಟಿಕ್‌ಟಾಕ್, ಸ್ನ್ಯಾಪ್‌ಚಾಟ್ ಸೇರಿದಂತೆ ಇದರಲ್ಲಿ ಪಾಲ್ಗೊಂಡ ಕಂಪನಿಗಳು ಆ ಹ್ಯಾಶ್ ಹಿಡಿದು ತಮ್ಮ ಸಾರ್ವಜನಿಕ ಅಥವಾ ಎನ್‌ಕ್ರಿಪ್ಟ್ ಆಗದ ಜಾಗಗಳಲ್ಲಿ ಹುಡುಕುತ್ತವೆ, ಸಿಕ್ಕರೆ ತೆಗೆಯುತ್ತವೆ. ಎನ್‌ಕ್ರಿಪ್ಟ್ ಆದ ಖಾಸಗಿ ಚಾಟ್‌ಗಳಿಗೆ ಇದು ತಲುಪುವುದಿಲ್ಲ, ಪಾಲ್ಗೊಳ್ಳದ ತಾಣಗಳಿಗೂ ಇಲ್ಲ. ಹ್ಯಾಶ್ ಮಾಡಿಸಿದ ಚಿತ್ರವನ್ನು ಆಮೇಲೆ ಎಡಿಟ್ ಮಾಡಿದರೆ ಅದು ಬೇರೆ ಚಿತ್ರವಾಗಿ ಲೆಕ್ಕವಾಗಬಹುದು, ಆಗ ಅದನ್ನೂ ಸೇರಿಸಬೇಕು. ಚಿತ್ರದಲ್ಲಿರುವವರಿಗೆ ಈಗ 18 ದಾಟಿದ್ದರೂ ತೊಂದರೆಯಿಲ್ಲ. ಅದನ್ನು ತೆಗೆದಾಗ 18ರೊಳಗಿದ್ದರೆ ಸಾಕು, ವರ್ಷಗಳ ನಂತರವೂ ಅರ್ಜಿ ಹಾಕಬಹುದು.